ಅರುಂಧತಿ ಕಾಣಿಸದ ವರ್ಷ

ಯಶವಂತಪುರದ ಕಡೆ ರೈಲ್ವೆಯವರ ಒಂದು ಸಣ್ಣ ದವಾಖಾನೆಯಲ್ಲಿ ನಾನು ಹದಿಮೂರು ವರ್ಷ ಕಾಂಪೌಂಡರ್ ಆಗಿದ್ದೆ. ಔಷಧ ಕಲಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸೂಜಿ ಕುದಿಸಿಡುವುದು, ಇವುಗಳ ಜೊತೆಗೆ ಇಂಜಿನ್ ಡ್ರೈವರುಗಳ ಕಣ್ಣಿನ ಪರೀಕ್ಷೆಯ ದಿನ ಡಾಕ್ಟರ ಪಕ್ಕದಲ್ಲಿ ಅಕ್ಷರದ ಹಲಗೆ ತೋರಿಸುವ ಕೋಲು ಹಿಡಿದು ನಿಲ್ಲುವುದೂ ನನ್ನ ಕೆಲಸವಾಗಿತ್ತು. ಕಾಣದಿದ್ದರೂ ಕಂಡಂತೆ ತಡವರಿಸಿದವರು, ಸುಮ್ಮನೆ ಕೆಮ್ಮಿ ಹೊತ್ತು ಕಳೆದವರು, ಬಾಯಿಗೆ ಬಂದ ಅಕ್ಷರ ಹೇಳಿ ಡಾಕ್ಟರ ಮುಖ ನೋಡಿದವರು, ಎಲ್ಲರನ್ನೂ ನೋಡಿದ್ದೇನೆ. ಕಾಣಿಸುತ್ತಿಲ್ಲ ಎಂದು ತಾವಾಗಿ ಹೇಳಿದವರು ಒಬ್ಬರೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿದ್ದಿದ್ದರೆ ಅದೆಲ್ಲ ಯಾಕಪ್ಪ ಅನ್ನುತ್ತಿದ್ದರು.

ಶೆಟ್ಟಿಹಳ್ಳಿಯ ಒಕ್ಕಲು ಮನೆತನದವರು. ಅಣ್ಣತಮ್ಮಂದಿರೆಲ್ಲ ರಾಗಿ, ಅವರೆ ಎಂದು ಹೊಲದಲ್ಲೇ ಉಳಿದರು. ಇವರು ಮಾತ್ರ ಹದಿನೆಂಟನೇ ವಯಸ್ಸಿಗೆ ಲೋಕೋ ಶೆಡ್ಡಿಗೆ ಇಂಜಿನ್ ಒರೆಸಲು ಬಂದರು. ಆಮೇಲೆ ಕಲ್ಲಿದ್ದಲು ಎರಚುವ ಫೈರ್‌ಮನ್ ಆದರು, ಆಮೇಲೆ ಡ್ರೈವರ್. ನಾನು ಅವರನ್ನು ಮೊದಲು ಕಂಡದ್ದು ಐವತ್ತರ ದಶಕದ ನಡುವೆ. ಎತ್ತರದ ಸಣಕಲು ಆಳು. ಕೊರಳಿಗೆ ಕೆಂಪು ಚೌಕದ ಟವೆಲು. ಮುಂಗೈ ತುಂಬ ಕೆಂಡದ ಕಿಡಿ ಸಿಡಿದ ಸಣ್ಣ ಸಣ್ಣ ಕಲೆಗಳು. ಇಂಜಿನ್ ಸದ್ದಿನಲ್ಲಿ ದುಡಿದವರು ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. ಇವರ ಮಾತು ಕೇಳಬೇಕಾದರೆ ನಾವೇ ಹತ್ತಿರ ಹೋಗಬೇಕಿತ್ತು.

ಮಾತೂ ಅಳೆದು ಆಡುವಂಥದ್ದು. ಒಮ್ಮೆ ಕ್ವಾರ್ಟರ್ಸಿನ ನಲ್ಲಿಯ ಹತ್ತಿರ ಎರಡು ಮನೆಯವರಿಗೆ ಜಗಳವಾಗಿ ಒಂದು ಕೊಡ ಒಡೆದುಹೋಯಿತು. ಆಗ ಇವರು ಅಲ್ಲೇ ಕಲ್ಲಿನ ಮೇಲೆ ಕೂತು ಬೂಟು ಒರೆಸುತ್ತಿದ್ದರು. ಎರಡೂ ಕಡೆಯವರು ನೀವೇ ಹೇಳಿ ಎಂದು ಸಾಕ್ಷಿಗೆ ಕರೆದರು. "ಕೊಡ ಒಡೆದು ಬಿದ್ದಿದ್ದು ಕಂಡೆ. ಯಾರ ಕೈ ತಗುಲ್ತು ಅಂತ ಕಾಣ್ನಿಲ್ಲ," ಎಂದರು. ಎರಡು ಮನೆಯವರೂ ಒಂದು ತಿಂಗಳು ಅವರ ಮೇಲೆ ಮುನಿಸಿಕೊಂಡಿದ್ದರು.

ನಾನು ಅವರ ಮನೆಗೆ ಹತ್ತಿರವಾದದ್ದು ಕಾಮಾಲೆಯ ದೆಸೆಯಿಂದ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಊರಿನವರಿಗೂ ತಿಳಿಸದೆ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಮಲಗಿದ್ದೆ. ಮೂರು ದಿನ ನಾನು ದವಾಖಾನೆಯಲ್ಲಿ ಕಾಣಲಿಲ್ಲವೆಂದು ಅವರು ವಿಚಾರಿಸಿಕೊಂಡು ಬಂದರು, ನನ್ನ ಕಣ್ಣು ನೋಡಿದರು, ಏನೂ ಹೇಳದೆ ಹೋದರು. ಸಂಜೆಗೆ ಅವರ ಹೆಂಡತಿ ಗಂಜಿಯ ಪಾತ್ರೆ ಸೆರಗಿನಲ್ಲಿ ಹಿಡಿದು ಬಂದರು. ಅಲ್ಲಿಂದ ಇಪ್ಪತ್ತು ದಿನ ಎರಡು ಹೊತ್ತೂ ಗಂಜಿ ತಪ್ಪಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಆ ಹೆಂಗಸನ್ನು ನಾನು ಅಕ್ಕ ಎಂದು ಕರೆಯತೊಡಗಿದೆ. ಅವರನ್ನು ಮಾತ್ರ ಕೊನೆಯವರೆಗೂ ಯಜಮಾನ್ರೇ ಎಂದೇ ಕರೆದೆ.

ಹುಷಾರಾದ ಮೇಲೆ ಬೇಸಿಗೆಯ ಸಂಜೆಗಳಲ್ಲಿ ಅವರ ಮನೆಯ ಮುಂದೆ ಹೋಗಿ ಕೂರುವುದು ನನಗೆ ರೂಢಿಯಾಯಿತು. ದೀಪ ಹಚ್ಚುವ ಹೊತ್ತು ದಾಟಿ ಸ್ವಲ್ಪ ಕತ್ತಲಾಗುತ್ತಿದ್ದಂತೆ ಅವರು ಎದ್ದು ಅಂಗಳದ ತುದಿಗೆ ಹೋಗಿ ಉತ್ತರದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಸಪ್ತರ್ಷಿಗಳ ಬಾಲದಲ್ಲಿ ಮೂರು ನಕ್ಷತ್ರ. ನಡುವಿನದು ವಸಿಷ್ಠ. ಅದಕ್ಕೆ ಒತ್ತಿಕೊಂಡಂತೆ ಮಿಣುಕುವ ಪುಟ್ಟ ಚುಕ್ಕಿ ಅರುಂಧತಿ. ಮೊದಲು ಬಲಗಣ್ಣು ಮುಚ್ಚಿ ನೋಡುವರು, ಆಮೇಲೆ ಎಡಗಣ್ಣು ಮುಚ್ಚಿ. ಎರಡರಲ್ಲೂ ಕಂಡರೆ ಒಂದು ಸಲ ತಲೆಯಾಡಿಸಿ ಬಂದು ಕೂರುವರು.

"ಇದೇನು ಯಜಮಾನ್ರೇ, ಪೂಜೇನಾ?" ಎಂದು ಒಂದು ದಿನ ಕೇಳಿದೆ.

"ಪೂಜೆ ಎಲ್ಲಿ ಬಂತು. ನೀವು ವರ್ಸಕ್ಕೊಂದು ಕಿತ ನನ್ ಕಣ್ಣು ನೋಡ್ತೀರಿ. ಉಳಿದಿದ್ ದಿನ ಯಾರು ನೋಡ್ಬೇಕು? ಹಿಂದ್ಗಡೆ ಡಬ್ಬೀಲಿ ಅಷ್ಟು ಜನ ಕುಂತಿರ್ತಾರೆ," ಎಂದರು.

ಮಳೆಗಾಲ ಹಿಡಿದಾಗ, ಆ ನಕ್ಷತ್ರಗಳು ಮುಳುಗಿರುವ ತಿಂಗಳುಗಳಲ್ಲಿ ಈ ಪರೀಕ್ಷೆಗೆ ರಜೆ. ಮಾಗಿ ಬಂತೆಂದರೆ ಬೆಳಗಿನ ಗಾಡಿಗೆ ಹೊರಡುವ ಮುಂಚೆ, ನಸುಕಿನಲ್ಲೇ, ಊಟದ ಡಬ್ಬಿ ಕೈಯಲ್ಲಿ ಹಿಡಿದು ಆಕಾಶ ನೋಡುತ್ತಿದ್ದರಂತೆ.

ಅಕ್ಕ ತಮ್ಮ ಮದುವೆಯ ಸಂಗತಿಯೊಂದನ್ನು ನಗುತ್ತಾ ಹೇಳುತ್ತಿದ್ದರು. ಧಾರೆ ಮುಗಿದು ಹಗಲು ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಐನೋರು ಇಬ್ಬರನ್ನೂ ಚಪ್ಪರದಾಚೆ ಕರೆದು, ಆಕಾಶದತ್ತ ಕೈ ತೋರಿಸಿ, ಅರುಂಧತಿ ಕಂಡಿತಾ ಎಂದು ಕೇಳಿದರು. ಹುಡುಗಿ ತಲೆ ತಗ್ಗಿಸಿ ಹೂಂ ಎಂದಳು. ಹುಡುಗ, "ಕಾಣ್ತಾ ಇಲ್ಲ ಸ್ವಾಮಿ," ಎಂದ. ಐನೋರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ಅದೇ ಉತ್ತರ. ಹುಡುಗನ ಅಪ್ಪ ಹಲ್ಲು ಕಚ್ಚಿ, "ಹೂಂ ಅನ್ನೋ," ಎಂದರು. ಅನ್ನಲಿಲ್ಲ. ಮಂಗಳವಾದ್ಯದವರು ಕಾದು ಕಾದು ನುಡಿಸಿಯೇಬಿಟ್ಟರು. ಅವತ್ತು ಸಂಜೆ ಹೆಣ್ಣಿನ ಮನೆಯ ಕಣದಲ್ಲಿ ನಿಲ್ಲಿಸಿಕೊಂಡು, ಹೊಸ ಹೆಂಡತಿಗೆ ನಿಜವಾದ ಅರುಂಧತಿಯನ್ನು ತೋರಿಸಿದರಂತೆ. "ಗಂಡ ಮೊದಲ್ನೇ ದಿನ ಆಡಿದ ಮಾತು ಅದೇ ಒಂದು. ಅಗಾ ಅಲ್ಲಿ, ದೊಡ್ಡದರ ಮಗ್ಗುಲಲ್ಲಿ, ಅಂತ. ಇನ್ನೇನೂ ಇಲ್ಲ," ಎಂದು ಅಕ್ಕ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು.

ಇನ್ನೊಂದು ಸಂಗತಿ ನಾನಿದ್ದಾಗಲೇ ನಡೆದದ್ದು. ಗೊರಗುಂಟೆಪಾಳ್ಯದ ಬಯಲಿನಲ್ಲಿ ಸರ್ವೆಯವರು ಡೇರೆ ಹಾಕಿದ್ದರು. ಅವರಲ್ಲೊಬ್ಬ ಇಂಜಿನಿಯರು ಗಾಯಕ್ಕೆ ಪಟ್ಟಿ ಕಟ್ಟಿಸಲು ದವಾಖಾನೆಗೆ ಬರುತ್ತಿದ್ದ. ಒಂದು ಸಂಜೆ ಅವನ ಡೇರೆಗೆ ಯಜಮಾನ್ರೂ ನಾನೂ ಹೋದೆವು. ನೆಲ ಅಳೆಯಲು ಮೂರು ಕಾಲಿನ ಮೇಲೆ ನಿಲ್ಲಿಸುವ ದುರ್ಬೀನು ಅವನ ಹತ್ತಿರ ಇತ್ತು. ಅದನ್ನು ವಸಿಷ್ಠನ ಕಡೆ ತಿರುಗಿಸಿ, "ನೋಡಿ," ಎಂದ. ಇವರು ಬಗ್ಗಿ ನೋಡಿದರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ದೊಡ್ಡದು ಒಂದಲ್ಲ ಕಣಪ್ಪ. ಎರಡು ಅವೆ," ಎಂದರು.

ನಾನೂ ನೋಡಿದೆ. ಅರುಂಧತಿ ಅಷ್ಟು ದೂರದಲ್ಲಿ ಬೇರೆಯೇ ನಿಂತಿತ್ತು. ನಾವು ವಸಿಷ್ಠ ಅನ್ನುತ್ತಿದ್ದದ್ದು ಜೊತೆ ಜೊತೆಗೆ ಎರಡು ಚುಕ್ಕಿಗಳಾಗಿತ್ತು. ಅವು ಒಂದನ್ನೊಂದು ಸುತ್ತುತ್ತವೆ, ಒಂದು ಸುತ್ತು ಬರಲು ಸಾವಿರಾರು ವರ್ಷ ಬೇಕು, ಬರಿಗಣ್ಣಿಗೆ ಯಾವತ್ತೂ ಒಂದಾಗಿಯೇ ಕಾಣುವುದು ಎಂದು ಇಂಜಿನಿಯರು ತಿಳಿಸಿ ಹೇಳಿದ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಆಕೆ ಕೇಳಿದ್ದು, "ಹಂಗಾರೆ ಮೂರ್ನೇದು ಯಾರು?"

"ಯಾರೋ. ಇಷ್ಟು ವರ್ಸ ಅಲ್ಲೇ ಇತ್ತು. ನಾನು ಇಲ್ಲ ಅಂದ್ಕಂಡಿದ್ದೆ," ಎಂದರು. ಅಕ್ಕ ನಕ್ಕರು. ಅವರು ನಗಲಿಲ್ಲ. ಆಮೇಲೆ ಎಷ್ಟೋ ದಿನ ಮಾತಿನ ನಡುವೆ ಇದ್ದಕ್ಕಿದ್ದಂತೆ, "ಎರಡು ಅವೆ ಅಂತ ನಂಗೆ ಗೊತ್ತೇ ಇರ್ನಿಲ್ಲ ನೋಡಪ್ಪ," ಎನ್ನುವರು. ತಮ್ಮ ಕಣ್ಣೇ ಸರಿ ಎಂದು ಬದುಕಿದವರಿಗೆ ಅದೊಂದು ಸಣ್ಣ ಪೆಟ್ಟಾಗಿತ್ತೇನೋ.

ಅರವತ್ತರ ದಶಕ ಶುರುವಾಗಿ ಕೆಲವು ವರ್ಷವಾಗಿತ್ತು. ಆ ಮಾಗಿಯಲ್ಲಿ ನಸುಕಿನ ಹೊತ್ತು ನೋಡಿದರೆ ಎಡಗಣ್ಣಿಗೆ ಅರುಂಧತಿ ಕಾಣಲಿಲ್ಲ. ಮಂಜು ಇರಬೇಕು ಎಂದುಕೊಂಡರು. ಮಂಜು ಕಳೆಯಿತು. ಶಿವರಾತ್ರಿ ಕಳೆದ ಮೇಲೆ ಆಕಾಶ ತೊಳೆದಿಟ್ಟಂತೆ ಇದ್ದಾಗಲೂ ಕಾಣಲಿಲ್ಲ, ಈಗ ಬಲಗಣ್ಣಿಗೂ ಇಲ್ಲ. ಯಾರಿಗೂ ಹೇಳದೆ ಹದಿನೈದು ದಿನ ಇಂಜಿನ್ ಹತ್ತಿದರು. ಅವರ ಬದುಕಿನಲ್ಲಿ ನಾನು ಕಂಡ ತಪ್ಪು ಅದೊಂದೇ, ಅದನ್ನೂ ಅವರೇ ನನಗೆ ಹೇಳಿದ್ದು. ಹದಿನಾರನೇ ದಿನ ಕೊಡಿಗೇಹಳ್ಳಿ ದಾಟಿ ಯಲಹಂಕದ ಕಡೆ ಹೋಗುವಾಗ ಫೈರ್‌ಮನ್ ಇದ್ದಕ್ಕಿದ್ದಂತೆ ಅವರ ತೋಳು ಹಿಡಿದು ಕೂಗಿದ. ಹಳಿಯ ಮೇಲೆ ಹುಲ್ಲಿನ ಹೊರೆ ಹೊತ್ತ ಮುದುಕಿ. ಸೀಟಿ ಹಾಕಿದರು, ಬ್ರೇಕ್ ಎಳೆದರು. ಮುದುಕಿ ಹೊರೆ ಬಿಸಾಡಿ ಆಚೆ ಬಿದ್ದಳು. ಇಂಜಿನ್ ಹುಲ್ಲಿನ ಮೇಲೆ ಹರಿದು ನಿಂತಿತು. ಮುದುಕಿ ಎದ್ದು ಧೂಳು ಕೊಡವಿಕೊಂಡು ಬಯ್ಯುತ್ತ ಹೋದಳು. ಯಾರಿಗೂ ಏನೂ ಆಗಲಿಲ್ಲ, ಯಾರೂ ಎಲ್ಲಿಯೂ ಬರೆಯಲಿಲ್ಲ.

ಮಾರನೆಯ ದಿನವೇ ಅವರು ರಜೆ ಹಾಕಿ ಬಂದು ನನಗೆ ಇದನ್ನು ಹೇಳಿದರು. ವರ್ಷದ ಕಣ್ಣಿನ ಪರೀಕ್ಷೆಗೆ ಇನ್ನು ಮೂರು ವಾರವಿತ್ತು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದ ಹೊತ್ತು ನೋಡಿ ಅಕ್ಕ ದವಾಖಾನೆಗೆ ಬಂದರು. ಬೆಂಚಿನ ಮೇಲೆ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಕಾಂಪೋಂಡ್ರೇ, ಆ ಗೋಡೆ ಮೇಲಿನ ಅಕ್ಸರ ಒಂದು ಚೀಟೀಲಿ ಬರ್ಕೊಡ್ತೀರಾ?"

ನನಗೆ ಅರ್ಥವಾಯಿತು. ಆಗಲಿಲ್ಲವೆಂದು ನಟಿಸಿದೆ. "ಯಾವ ಅಕ್ಷರ ಅಕ್ಕ?"

"ಸುಮ್ನೆ ಕೇಳ್ಬೇಡಿ. ನಿಮ್ಗೆ ಗೊತ್ತು. ಅವರು ಅನ್ನ ಮುಟ್ಟಿ ಎಷ್ಟು ದಿನ ಆಯ್ತು ಗೊತ್ತಾ? ಇನ್ ಮೂರು ವರ್ಸ ಅಷ್ಟೇ. ಪಾಸಾದ್ರೆ ಯಾರ್ಡಲ್ಲಿ ಶಂಟಿಂಗಿಗೆ ಹಾಕಿಸ್ಕೋತಾರೆ. ಅಲ್ಲೇ ಹಿಂದಕ್ಕೂ ಮುಂದಕ್ಕೂ ಓಡಾಡ್ಕಂಡಿರ್ತಾರೆ, ಯಾರ್ಗೂ ತೊಂದ್ರೆ ಇಲ್ಲ. ಫೇಲು ಅಂತ ಬರೆದು ಇಳಿಸಿಬಿಟ್ರೆ ಆ ಮನುಷ್ಯ ಉಳಿಯಾಕಿಲ್ಲ. ಮನೇಲಿ ಮಕ್ಕಳಾ ಮರಿನಾ. ಇಂಜಿನ್ನೇ ಎಲ್ಲಾ."

"ಅವರು ಕೇಳಿ ಕಳಿಸಿದ್ರಾ?"

"ಅವರಿಗೆ ಗೊತ್ತಿಲ್ಲ. ಕೊಟ್ರೆ ನಾನು ಅವರಿಗೆ ಹೇಳ್ತೀನಿ."

ನಮ್ಮಲ್ಲಿ ಇದ್ದದ್ದು ಅಕ್ಷರದ ಎರಡು ಹಲಗೆ. ನಾಳೆ ಯಾವುದನ್ನು ತೂಗುಹಾಕಬೇಕು ಅನ್ನುವುದು ನನ್ನ ಕೈಯಲ್ಲಿತ್ತು. ತಪ್ಪು ಎಂದು ಗೊತ್ತಿತ್ತು. ಯಾರ್ಡಿನಲ್ಲೂ ಮನುಷ್ಯರು ಓಡಾಡುತ್ತಾರೆ ಎಂಬುದೂ ಗೊತ್ತಿತ್ತು. ಆದರೆ ಚೌಕಟ್ಟು ಹಿಡಿದ ಆ ಕೈ ಇಪ್ಪತ್ತು ದಿನ ನನಗೆ ಗಂಜಿ ತಂದ ಕೈ. ಔಷಧದ ಪೊಟ್ಟಣ ಕಟ್ಟುವ ಕಾಗದ ತೆಗೆದುಕೊಂಡು ಕೂತೆ.

"ದೊಡ್ಡದಾಗಿ ಬರೀರಿ," ಎಂದರು ಅಕ್ಕ. "ಅವರಿಗೆ ಕಾಣ್ಬೇಕು."

ದೊಡ್ಡದಾಗಿ ಬರೆದೆ. ಮೂರು ಸಾಲು. ಅಕ್ಕ ಅದನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ಹಿಂದಿರುಗಿ ನೋಡದೆ ಹೋದರು.

ಮರುದಿನ ಹತ್ತು ಗಂಟೆಗೆ ಅವರ ಸರದಿ ಬಂತು. ಕ್ಷೌರ ಮಾಡಿಸಿಕೊಂಡು, ಒಗೆದ ಕೋಟು ಹಾಕಿಕೊಂಡು ಬಂದಿದ್ದರು. ಬಣ್ಣದ ಉಣ್ಣೆಯ ಎಳೆಗಳನ್ನು ಮುಂದಿಟ್ಟೆ. ಕೆಂಪು, ಹಸಿರು, ಕಂದು, ಸರಿಯಾಗಿ ಆರಿಸಿ ಕೊಟ್ಟರು. ಇಪ್ಪತ್ತು ಅಡಿ ದೂರದ ಗೆರೆಯ ಮೇಲೆ ನಿಲ್ಲಿಸಿ ಒಂದು ಕಣ್ಣಿಗೆ ರಟ್ಟು ಹಿಡಿಸಿದೆ. ಮೇಲಿನ ಸಾಲಿಗೆ ಕೋಲು ಮುಟ್ಟಿಸಿದೆ. ಓದಿದರು. ಎರಡನೆಯ ಸಾಲಿಗೆ ತಂದೆ.

ಮರೆತುಬಿಟ್ಟರೇನೋ ಎಂದುಕೊಂಡೆ.

"ಓದಿ ಡ್ರೈವರೇ," ಎಂದರು ಡಾಕ್ಟರು.

"ಕಾಣಿಸ್ತಾ ಇಲ್ಲ ಸ್ವಾಮಿ."

ಡಾಕ್ಟರಿಗೆ ಅವರ ಮೇಲೆ ಅಭಿಮಾನವಿತ್ತು. ಪೆನ್ನು ಕೆಳಗಿಟ್ಟು, "ಆತುರ ಇಲ್ಲ. ಸ್ವಲ್ಪ ಪ್ರಯತ್ನ ಮಾಡಿ," ಎಂದರು.

"ಪ್ರಯತ್ನ ಮಾಡಿದ್ರೆ ಹೇಳಬೋದು. ಕಂಡಂಗಾಗಾಕಿಲ್ಲ."

ಡಾಕ್ಟರಿಗೆ ಆ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು. ಅವರು ನನ್ನ ಕಡೆ ತಿರುಗಲಿಲ್ಲ. ಇನ್ನೊಂದು ಕಣ್ಣನ್ನೂ ನೋಡಿದ್ದಾಯಿತು. ಡಾಕ್ಟರು ಬರೆಯುತ್ತಿದ್ದಷ್ಟು ಹೊತ್ತು ಅವರು ಟವೆಲನ್ನು ಕೈಗೆ ಸುತ್ತಿ ಬಿಚ್ಚಿ ಮಾಡುತ್ತ ನಿಂತಿದ್ದರು. ಹೋಗುವಾಗ ಎಂದಿನಂತೆ ನನಗೆ, "ಬತ್ತೀನಪ್ಪ," ಎಂದರು.

ನಿಜ ಹೇಳಬೇಕು. ಮೊದಲು ನನಗಾದದ್ದು ದುಃಖವಲ್ಲ, ನನ್ನ ಹೆಸರು ಬರಲಿಲ್ಲವಲ್ಲ ಎಂಬ ನೆಮ್ಮದಿ. ದುಃಖ ಸಂಜೆಗೆ ಬಂತು.

ಊರೊಳಗಿನ ದೊಡ್ಡ ಕಣ್ಣಾಸ್ಪತ್ರೆಗೆ ಕಳಿಸಿದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಒಳಗಿನ ನರವೇ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು ಎಂದರಂತೆ. ಶೆಡ್ಡಿನ ಎಣ್ಣೆ ಗೋದಾಮಿನಲ್ಲಿ ಕೂರಿಸಿದರು. ಇಂಜಿನ್ನಿಗೆ ಹೋಗುವವರಿಗೆ ಎಣ್ಣೆ, ಒರೆಸುವ ಹತ್ತಿಯ ನೂಲು ಕೊಡುವ ಕೆಲಸ. ಅವರ ಕೈಕೆಳಗೆ ಕಲ್ಲಿದ್ದಲು ಎರಚಿದ್ದವರು ಈಗ ಡ್ರೈವರುಗಳಾಗಿ ಬಂದು ಅವರ ಮುಂದೆ ಎಣ್ಣೆಯ ಡಬ್ಬಿ ಹಿಡಿಯುತ್ತಿದ್ದರು. ಕೆಲವರು ಕಣ್ಣೆತ್ತಿ ನೋಡಲಾರದೆ ಬೇಗ ಹೋಗುವರು. ಕೆಲವರು ಹಿಂದಿನಿಂದ, ತಾನೇ ಹೋಗಿ ಗುಂಡಿಗೆ ಬಿದ್ದ ಎನ್ನುವರು. ಡ್ರೈವರುಗಳ ಕ್ವಾರ್ಟರ್ಸ್ ಬಿಡಬೇಕಾಗಿ ಬಂತು. ಗೊರಗುಂಟೆಪಾಳ್ಯದಲ್ಲಿ ಒಂದು ಹಂಚಿನ ಮನೆ ಹಿಡಿದರು. ಅಲ್ಲಿಂದ ಶೆಡ್ಡಿಗೆ ಹಳಿಯ ಪಕ್ಕದ ಹಾದಿ ಹತ್ತಿರ; ಅವರು ತುಮಕೂರು ರಸ್ತೆ ಸುತ್ತಿಕೊಂಡು ನಡೆದು ಬರುತ್ತಿದ್ದರು.

ಕಣ್ಣಿಗೆ ಹನಿ ಹಾಕಿಸಿಕೊಳ್ಳಲು ವಾರಕ್ಕೆರಡು ಸಲ ದವಾಖಾನೆಗೆ ಬರುವರು. ಮೊದಲ ಎರಡು ತಿಂಗಳು ನಾನು ಏನಾದರೂ ನೆಪ ಮಾಡಿ ಒಳಗೆ ಸೇರಿಕೊಂಡು, ಆಯಾಳ ಕೈಯಲ್ಲಿ ಹಾಕಿಸಿಬಿಡುತ್ತಿದ್ದೆ. ಒಂದು ದಿನ ಆಯಾ ರಜೆ. ನಾನೇ ಬರಬೇಕಾಯಿತು. ಅವರು ಬೆಂಚಿನ ಮೇಲೆ ತಲೆ ಹಿಂದಕ್ಕೆ ಚೆಲ್ಲಿ ಕೂತಿದ್ದರು. ರೆಪ್ಪೆ ಬಿಡಿಸಿ ಹನಿ ಬಿಟ್ಟೆ. ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಹೇಳಿದರು:

"ನಿಮ್ ಅಕ್ಸರ ದುಂಡಗವೆ ಕಣಪ್ಪ. ಚೆಂದಾಗಿ ಬರೀತೀರಿ."

ಇನ್ನೊಂದು ಕಣ್ಣಿಗೂ ಹನಿ ಬಿಟ್ಟೆ. ಅವರೇ ಮುಂದುವರಿಸಿದರು. "ಆ ಮುದುಕಿ ಹುಲ್ಲಿನ ಹೊರೆ ದೊಡ್ಡದಿತ್ತು. ಅದೇ ನಂಗೆ ಕಾಣ್ನಿಲ್ಲ. ಹೊರೆ ಇಲ್ದೆ ಬರೀ ಕೂಸು ಬಂದಿದ್ರೆ? ನಂಗೆ ಕಾಣ್ದಿರೋದೂ ಹಳಿ ಮ್ಯಾಲೆ ಇರ್ತದೆ." ಕಣ್ಣಿನಿಂದ ಇಳಿದದ್ದು ಔಷಧವೋ ಏನೋ, ಟವೆಲಿನಿಂದ ಒರೆಸಿಕೊಂಡು ಎದ್ದರು. ಆ ವಿಷಯ ನಮ್ಮ ನಡುವೆ ಮತ್ತೆ ಬರಲಿಲ್ಲ.

ಅವರು ನಿವೃತ್ತರಾಗುವ ಹೊತ್ತಿಗೆ ಬೆಳಕು, ಕತ್ತಲೆ ಇಷ್ಟು ಮಾತ್ರ ಗೊತ್ತಾಗುತ್ತಿತ್ತು. ನಾನು ಆಗ ಮದುವೆಯಾಗಿದ್ದೆ. ಹೆಂಡತಿಯನ್ನು ಕರೆದುಕೊಂಡು ಒಂದು ಸಂಜೆ ಅವರ ಮನೆಗೆ ಹೋದೆ. ಮನೆಯ ಮುಂದೆ ಚಾಪೆ ಹಾಕಿ ಇಬ್ಬರೂ ಕೂತಿದ್ದರು. ಕತ್ತಲಾಗುತ್ತಿತ್ತು.

"ಮೂಡೈತಾ ನೋಡು," ಎಂದರು ಹೆಂಡತಿಗೆ.

ಅಕ್ಕ ಉತ್ತರಕ್ಕೆ ತಿರುಗಿದರು. "ಹೂಂ. ಮೂಡೈತೆ."

"ಮಗ್ಗುಲಲ್ಲಿರೋದು?"

"ಅದೂ ಅದೆ. ಚೆನ್ನಾಗಿ ಕಾಣ್ತದೆ."

ನಾನು ತಲೆಯೆತ್ತಿ ನೋಡಿದೆ. ಆಕಾಶದ ತುಂಬ ಮೋಡ. ಒಂದು ಚುಕ್ಕಿಯೂ ಇರಲಿಲ್ಲ. ನನ್ನ ಹೆಂಡತಿ ಏನೋ ಹೇಳಲು ಹೊರಟಳು. ಅಕ್ಕ ಅವಳ ಮೊಣಕಾಲು ಮುಟ್ಟಿ ತಡೆದರು.

ಅವರು ಮುಖವೆತ್ತಿ ಗಾಳಿ ಮೂಸಿ, "ಮಳೆ ವಾಸ್ನೆ ಬತ್ತಾ ಐತೆ. ಚಾಪೆ ಎತ್ತು," ಎಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಚಾಪೆ ಸುತ್ತುತ್ತಿದ್ದ ಹೆಂಡತಿಯ ಭುಜವನ್ನು ಹುಡುಕಿ ಹಿಡಿದುಕೊಂಡು ಒಳಗೆ ಹೋದರು.

ಮುಂದಿನ ವರ್ಷ ನನಗೆ ಅರಸೀಕೆರೆಗೆ ವರ್ಗವಾಯಿತು. ಅದಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ಒಂದು ವಾರ ಜ್ವರವಂತೆ. ಅಕ್ಕ ಹೆದರಿದಂತೆ ಇಂಜಿನ್ ಇಳಿದ ಕೂಡಲೇ ಅವರು ಹೋಗಲಿಲ್ಲ. ಆರು ವರ್ಷ ಇದ್ದರು. ಆ ಆರು ವರ್ಷವನ್ನು ಇದ್ದದ್ದು ಎನ್ನಬಹುದೇ ಎಂದು ಮಾತ್ರ ನನಗೆ ಇಂದಿಗೂ ತಿಳಿಯದು.

ಹನ್ನೊಂದನೆಯ ದಿನದ ಕಾರ್ಯ ಶೆಟ್ಟಿಹಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ. ಹೋದೆ. ಹಿತ್ತಿಲಲ್ಲಿ ಅಡುಗೆ ನಡೆದಿತ್ತು. ಅಕ್ಕ ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡು ಪಕ್ಕದಲ್ಲಿ ಕೂರಲು ಕೈ ತೋರಿಸಿದರು. ಅಳಲಿಲ್ಲ. ತಾವೇ ಮಾತು ತೆಗೆದರು.

"ನೀವು ಬರ್ಕೊಟ್ಟಿದ್ರಲ್ಲ, ಅವತ್ತು ಸಂಜೆ ಅವರ ಕೈಗೆ ಕೊಟ್ಟೆ. ಬಯ್ತಾರೆ ಅಂದ್ಕಂಡಿದ್ದೆ. ಬಯ್ನಿಲ್ಲ. ದೀಪದ ಹತ್ರ ಹಿಡ್ಕಂಡು ಓದಿದ್ರು. ನಾನು, ಬಾಯಿಪಾಠ ಮಾಡಿ, ನಾನು ಕೇಳಿಸ್ಕೋತೀನಿ ಅಂದೆ. ನಂಗೇನ್ ಓದಾಕ್ ಬತ್ತದಾ? ಆದ್ರೂ ಹಾಳೆ ಹಿಡ್ಕಂಡು ಕುಂತೆ. ಅವರು ಹೇಳಿದ್ರು. ಇನ್ನೊಂದ್ ಸಲ ಅಂದೆ. ಇನ್ನೊಂದ್ ಸಲ ಹೇಳಿದ್ರು. ತಪ್ಪಿಲ್ದೆ ಹತ್ತು ಸಲ ಹೇಳಿದ್ರು. ನಂಗೆ ಮನಸು ತಣ್ಣಗಾಯ್ತು. ಒಂದು ತಿಂಗಳ ಮ್ಯಾಲೆ ಅವತ್ತೇ ನಿದ್ದೆ ಬಂದಿದ್ದು."

ಅಕ್ಕ ಸೆರಗು ಸರಿಮಾಡಿಕೊಂಡರು.

"ಬೆಳಗ್ಗೆ ಏನ್ ಮಾಡ್ಬೇಕು ಅಂತ ಅವರಿಗೆ ಆಗ್ಲೇ ಗೊತ್ತಿತ್ತೇನೋ," ಎಂದರು. "ನನ್ನ ಮಲಗಿಸಾಕೆ ಅಂತ ಓದಿದ್ರು."

ಆಮೇಲೆ ಕಣ್ಣು ಮುಚ್ಚಿ, ಮಂತ್ರ ಹೇಳಿದ ಹಾಗೆ, ನಿಧಾನವಾಗಿ ಹೇಳತೊಡಗಿದರು. "ಡಿ, ಯನ್ನು. ಪಿ, ಟಿ, ಇ. ಯಕ್ಸು, ಯೂ, ಜಡ್ಡು, ಯಫ್ಫು." ಒಂದೂ ತಪ್ಪಿರಲಿಲ್ಲ.

"ಇದಕ್ಕೆ ಏನಾರಾ ಅರ್ಥ ಐತಾ ಕಾಂಪೋಂಡ್ರೇ?"

"ಇಲ್ಲ ಅಕ್ಕ," ಎಂದೆ. "ಬರೀ ಅಕ್ಷರ. ಕಾಣುತ್ತಾ ಅಂತ ನೋಡೋಕೆ ಹಾಕಿರೋದು."

"ಹಂಗಾ," ಎಂದರು. "ನಾನು ಏನೋ ಐತೆ ಅಂದ್ಕಂಡು ದಿನಾ ಹೇಳ್ಕತಾ ಇದ್ದೆ."

ಒಳಗಿನಿಂದ ಎಲೆ ಹಾಕಿದ್ದೇವೆ ಎಂದು ಯಾರೋ ಕರೆದರು. ಅಕ್ಕ ಗೋಡೆ ಹಿಡಿದು ಎದ್ದು, ನನಗೆ ಕೈ ತೊಳೆಯಲು ನೀರು ತರಲು ಹೋದರು.